ಬಿಟ್ಟ ವ್ಯಾಯಾಮಕ್ಕೆ ಮರಳುವಾಗ: ಲೆಕ್ಕ ನೋಡುವುದು ಮೂರನೇ ದಿನ

ಆರು ತಿಂಗಳೋ ಎರಡು ವರ್ಷವೋ ವ್ಯಾಯಾಮ ಬಿಟ್ಟವರು ಮತ್ತೆ ಶುರು ಮಾಡುವಾಗ ನಿಲ್ಲಿಸಿದ ಜಾಗದಿಂದಲೇ ಹೊರಡುತ್ತಾರೆ. ಹಳೆಯ ಭಾರ, ಹಳೆಯ ದೂರ, ಹಳೆಯ ವೇಗ. ಮಾಡುವ ಕ್ರಮವೇನೂ ಮರೆತಿರುವುದಿಲ್ಲ, ಹುರುಪೂ ಇರುತ್ತದೆ. ಹಾಗಾಗಿ ಮೊದಲ ದಿನ ದೇಹ ಹೇಳಿದಂತೆ ಕೇಳುತ್ತದೆ. ತಕರಾರು ಏಳುವುದು ಮರುದಿನ, ಜೋರಾಗುವುದು ಅದರ ಮರುದಿನ. ಆದ್ದರಿಂದ 'ಇವತ್ತು ಏನೂ ಆಗಲಿಲ್ಲ' ಎಂಬ ಧೈರ್ಯದ ಮೇಲೆ ನಾಳೆಯ ವ್ಯಾಯಾಮ ನಿರ್ಧರಿಸಬೇಡಿ.

ಹಂತ 1: ಹೊರಡುವ ಮುನ್ನ

ಹೃದಯದ ತೊಂದರೆ, ಮಧುಮೇಹ, ರಕ್ತದೊತ್ತಡ, ಕಿಡ್ನಿ ಸಮಸ್ಯೆ ಇದ್ದವರು, ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ನುಂಗುವವರು ಮೊದಲು ವೈದ್ಯರನ್ನು ಕೇಳಿ. ಜ್ವರ ಇದ್ದರೆ ಆ ದಿನ ಬೇಡ.

ಹಂತ 2: ಮೊದಲ ದಿನದ ಅಳತೆ

ಹೆಚ್ಚಿನವರು ಎಡವುವುದು ಇಲ್ಲೇ. ಸುಸ್ತಾಗುವವರೆಗೆ ಮಾಡಿ ನಿಲ್ಲಿಸುತ್ತೇನೆ ಎನ್ನುತ್ತಾರೆ. ಸುಸ್ತು ಇಲ್ಲಿ ಸರಿಯಾದ ಅಳತೆಗೋಲಲ್ಲ, ಏಕೆಂದರೆ ಸ್ನಾಯುವಿನ ಎಳೆಗಳಿಗೆ ಏಟು ಬಿದ್ದಾಗ ಆ ಕ್ಷಣಕ್ಕೆ ನೋವು ಗೊತ್ತಾಗುವುದಿಲ್ಲ.

ಏಟು ಹೆಚ್ಚು ಬೀಳುವುದು ಭಾರ ಎತ್ತುವಾಗ ಅಲ್ಲ, ಇಳಿಸುವಾಗ. ಬಸ್ಕಿಯಲ್ಲಿ ಕೆಳಗೆ ಕೂರುವುದು, ದಂಡದಲ್ಲಿ ಎದೆ ನೆಲಕ್ಕೆ ತರುವುದು, ಇಳಿಜಾರಿನಲ್ಲಿ ಓಡುವುದು, ಮೆಟ್ಟಿಲು ಇಳಿಯುವುದು: ಇವುಗಳಲ್ಲೆಲ್ಲ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ರೂಢಿ ತಪ್ಪಿದ ಸ್ನಾಯು ಆಗ ಒಳಗೊಳಗೇ ಸಣ್ಣದಾಗಿ ಹರಿಯುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ, ಇಳಿಯುವಾಗ ಬರುವುದಿಲ್ಲ. ಆದರೂ ಎರಡು ದಿನ ತೊಡೆ ಹಿಡಿದುಕೊಳ್ಳುವುದು ಇಳಿದದ್ದಕ್ಕೇ. ಫೋನಿನಲ್ಲಿ ಹರಿದಾಡುವ 'ದಿನಕ್ಕೆ ನೂರು ಬಸ್ಕಿ' ಸವಾಲುಗಳನ್ನು ಮರಳಿ ಬಂದವರು ಮುಟ್ಟಲೇಬಾರದು ಎನ್ನುವುದೂ ಇದಕ್ಕೇ. ಭಾರವಿಲ್ಲದ ಬಸ್ಕಿ ತಾನೇ ಎನ್ನಬೇಡಿ, ನಿಮ್ಮ ಮೈಭಾರವೇ ಭಾರ.

ಅಳತೆ ಹೀಗಿರಲಿ. ಭಾರ ಎತ್ತುವವರು ಹಳೆಯ ಭಾರದ ಅರ್ಧ ಇಟ್ಟುಕೊಂಡು, ಪ್ರತಿ ವ್ಯಾಯಾಮಕ್ಕೆ ಒಂದೇ ಸೆಟ್, 8ರಿಂದ 10 ಸಲ. ಇನ್ನೂ ನಾಲ್ಕು ಸಲ ಎತ್ತಬಲ್ಲೆ ಅನ್ನಿಸುವಾಗಲೇ ಕೆಳಗಿಡಿ. ಬಸ್ಕಿ ಮಾಡುವವರು 10, ಅದೂ ಕುರ್ಚಿಯ ಎತ್ತರದವರೆಗೆ ಮಾತ್ರ ಕೂತು. ಓಡುವವರು 1 ನಿಮಿಷ ಓಟ, 2 ನಿಮಿಷ ನಡಿಗೆ. ಹೀಗೆ ಆರು ಸುತ್ತು, ಸಮತಟ್ಟಾದ ಜಾಗದಲ್ಲಿ. ವೇಗ ಎಷ್ಟೆಂದರೆ, ಪೂರ್ತಿ ವಾಕ್ಯ ಆಡಲು ಆಗಬೇಕು. ಒಂದೊಂದೇ ಪದ ಹೊರಡುತ್ತಿದ್ದರೆ ಜಾಸ್ತಿಯಾಯಿತು. ಗಡಿಯಾರ ತೋರಿಸುವ ನಾಡಿಬಡಿತಕ್ಕಿಂತ ಈ ಮಾತಿನ ಪರೀಕ್ಷೆಯೇ ವಾಸಿ. 220ರಲ್ಲಿ ವಯಸ್ಸು ಕಳೆಯುವ ಸೂತ್ರ ಬರೀ ಅಂದಾಜು, ವ್ಯಕ್ತಿಯಿಂದ ವ್ಯಕ್ತಿಗೆ 10-12 ಬಡಿತ ಆಚೀಚೆ ಆಗುವುದು ಮಾಮೂಲು.

ಹಳೆಯ ವೇಗದಲ್ಲೇ ಹೋದರೂ ಎದೆ ಜಾಸ್ತಿ ಹೊಡೆದುಕೊಳ್ಳುವುದಕ್ಕೆ ಗಾಬರಿ ಬೇಡ. ಕೆಲವು ವಾರ ಸುಮ್ಮನಿದ್ದರೆ ರಕ್ತದ ದ್ರವಾಂಶ ಇಳಿಯುತ್ತದೆ, ಒಂದು ಬಡಿತಕ್ಕೆ ಹೊರಹೋಗುವ ರಕ್ತ ಕಡಿಮೆಯಾಗುತ್ತದೆ, ಅದನ್ನು ಸರಿದೂಗಿಸಲು ಹೃದಯ ಹೆಚ್ಚು ಸಲ ಬಡಿಯುತ್ತದೆ. ವೇಗ ಇಳಿಸಿ, ಅಷ್ಟೇ. ಆದರೆ ಎದೆಯಲ್ಲಿ ಬಿಗಿತ, ದವಡೆಗೋ ತೋಳಿಗೋ ಹರಡುವ ನೋವು, ತಣ್ಣನೆಯ ಬೆವರು, ಕಣ್ಣು ಕತ್ತಲೆ ಬಂದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಕೂತೇ ದಿನ ಕಳೆದವರು ದಿಢೀರನೆ ಜೋರು ಶ್ರಮ ಮಾಡಿದರೆ ಆ ಹೊತ್ತಿನಲ್ಲಿ ಹೃದಯಾಘಾತದ ಅಪಾಯ ಏರುತ್ತದೆ. 'ಗ್ಯಾಸ್ ಇರಬೇಕು' ಎಂದು ಕಾಯುತ್ತಾ ಕೂರಬೇಡಿ.

ಮೊದಲಿಗೆ 10 ನಿಮಿಷ ನಿಧಾನ ನಡಿಗೆ, ಕೊನೆಗೆ 5 ನಿಮಿಷ. ಓಟದಿಂದ ಗಕ್ಕನೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ತಿರುಗುತ್ತದೆ.

ಹಂತ 3: 48 ಗಂಟೆ ಕಾಯುವುದು

ಮಾರನೆಯ ದಿನ ಅದೇ ಸ್ನಾಯುಗಳಿಗೆ ಕೆಲಸ ಕೊಡಬೇಡಿ, ನಡಿಗೆ ಸಾಕು. ಮೈಕೈ ನೋವು ಸಾಮಾನ್ಯವಾಗಿ 24ರಿಂದ 72 ಗಂಟೆಯೊಳಗೆ ತುದಿ ಮುಟ್ಟಿ ಇಳಿಯುತ್ತದೆ. ಲ್ಯಾಕ್ಟಿಕ್ ಆಮ್ಲ ಸೇರಿಕೊಂಡದ್ದರಿಂದ ಈ ನೋವು ಎಂಬ ಮಾತು ತಪ್ಪು. ಅದು ಗಂಟೆ-ಎರಡು ಗಂಟೆಯೊಳಗೆ ರಕ್ತದಿಂದ ಖಾಲಿಯಾಗಿರುತ್ತದೆ.

ಮೂರನೇ ದಿನ ಬೆಳಿಗ್ಗೆ ಮೆಟ್ಟಿಲು ಇಳಿದು ನೋಡಿ. ಸ್ವಲ್ಪ ಬಿಗಿತವಿದ್ದು ಓಡಾಡಿದ ಮೇಲೆ ಸಡಿಲವಾದರೆ ಅಳತೆ ಸರಿಯಿತ್ತು, ಅಷ್ಟನ್ನೇ ಮತ್ತೆ ಮಾಡಿ. ಕೈಕಂಬಿ ಹಿಡಿಯದೆ ಇಳಿಯಲಾಗದಿದ್ದರೆ ಇನ್ನೂ ಎರಡು ದಿನ ಬಿಟ್ಟು, ಅರ್ಧಕ್ಕರ್ಧ ಇಳಿಸಿ. ಒಂದು ಸಮಾಧಾನವುಂಟು: ಒಮ್ಮೆ ಹಗುರವಾಗಿ ಏಟು ತಿಂದ ಸ್ನಾಯು ಎರಡನೇ ಸಲ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ.

ಇನ್ನೊಂದು ಬಗೆಯ ನೋವಿದೆ, ಅದಕ್ಕೆ ಕಾಯುವಂತಿಲ್ಲ. ಸ್ನಾಯು ಊದಿಕೊಂಡು ಕಲ್ಲಿನಂತಾಗುವುದು, ಮೊಣಕೈ ಅಥವಾ ಮಂಡಿ ಪೂರ್ತಿ ಚಾಚಲು ಬಾರದಿರುವುದು, ಮಾಡಿದ ಶ್ರಮಕ್ಕೆ ತಾಳೆಯಾಗದಷ್ಟು ನೋವು ಮತ್ತು ನಿಶ್ಶಕ್ತಿ, ಮೂತ್ರ ಚಹಾ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುವುದು. ಇದು ರ್‍ಯಾಬ್ಡೊಮಯೊಲೈಸಿಸ್. ಒಡೆದ ಸ್ನಾಯುಕೋಶಗಳಿಂದ ಮಯೊಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೋರಿ ಕಿಡ್ನಿಯನ್ನು ಕೆಡಿಸುತ್ತದೆ. ಪೊಟ್ಯಾಸಿಯಂ ಏರಿದರೆ ಹೃದಯದ ಲಯವೂ ತಪ್ಪಬಹುದು. ಮೂತ್ರದ ಬಣ್ಣ ಬದಲಾಗಲೇಬೇಕೆಂದಿಲ್ಲ, ಉಳಿದ ಲಕ್ಷಣ ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ, ಏನು ವ್ಯಾಯಾಮ ಎಷ್ಟು ಮಾಡಿದಿರೆಂದು ಹೇಳಿ. ಸ್ನಾಯುವಿನಿಂದ ಸೋರುವ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವವನ್ನು ರಕ್ತದಲ್ಲಿ ಅಳೆದರೆ ಗೊತ್ತಾಗುತ್ತದೆ. ನೀರು ಕುಡಿದು ಮಲಗಿದರೆ ಸರಿಹೋಗುವ ಕಾಯಿಲೆ ಇದಲ್ಲ.

ನೋವಿನ ಮಾತ್ರೆ ನುಂಗಿ ವ್ಯಾಯಾಮಕ್ಕೆ ಇಳಿಯುವುದಂತೂ ಎರಡು ಪಟ್ಟು ತಪ್ಪು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕಿಡ್ನಿಗೆ ಹೋಗುವ ರಕ್ತ ತಗ್ಗಿಸುತ್ತವೆ; ಮೇಲಾಗಿ, ನಿಲ್ಲಿಸು ಎನ್ನುವ ನೋವನ್ನೇ ಮುಚ್ಚುತ್ತವೆ. ವ್ಯಾಯಾಮಕ್ಕೆ ಮುಂಚೆ ಕುಡಿಯುವ ಪುಡಿಗಳೂ ಅದೇ ಜಾತಿ. ಹೆಚ್ಚಿನವುಗಳಲ್ಲಿ ಕೆಲಸ ಮಾಡುವುದು ಕೆಫೀನ್, ಸುಸ್ತು ಮರೆಸುವುದೇ ಅದರ ಗುಣ. ಹೊಟ್ಟೆಗೆ ಸುತ್ತುವ ಬೆವರಿನ ಬೆಲ್ಟ್, ಪ್ಲಾಸ್ಟಿಕ್ ಅಂಗಿ ಕಳೆಸುವುದು ನೀರನ್ನು, ಕೊಬ್ಬನ್ನಲ್ಲ. ಮೈಬಿಸಿ ಹೊರಹೋಗದಂತೆ ತಡೆದು ಶಾಖಾಘಾತಕ್ಕೂ ದಾರಿ ಮಾಡುತ್ತವೆ. ಕೊಳ್ಳಬೇಡಿ, ಕೊಂಡಿದ್ದರೆ ಎಸೆಯಿರಿ.

ಹಂತ 4: ಏರಿಸುವುದು

2019ರಲ್ಲಿ ಅಮೆರಿಕದ ಎರಡು ಕ್ರೀಡಾ ತರಬೇತುದಾರರ ಸಂಘಟನೆಗಳು ಬಿಡುವಿನ ನಂತರ ಮರಳುವ ಆಟಗಾರರಿಗೆಂದು ಒಂದು ಸೂತ್ರ ಕೊಟ್ಟಿವೆ: ಹಳೆಯ ಪ್ರಮಾಣದಿಂದ ಮೊದಲ ವಾರ ಕನಿಷ್ಠ ಶೇ 50 ಕಡಿತ, ಮುಂದಿನ ವಾರಗಳಲ್ಲಿ ಶೇ 30, 20, 10. ಇದು ಆಟಗಾರರ ಲೆಕ್ಕ. ವರ್ಷಗಟ್ಟಲೆ ಬಿಟ್ಟವರು ಮೇಲೆ ಹೇಳಿದ ಅಳತೆಯಿಂದ ಹೊರಟು, ಪ್ರತಿ ಮೆಟ್ಟಿಲಿಗೂ ಒಂದರ ಬದಲು ಎರಡು ವಾರ ಕೊಡಿ. ಒಮ್ಮೆಗೆ ಒಂದನ್ನೇ ಏರಿಸಿ: ಭಾರವೋ, ಸೆಟ್ಟೋ, ದಿನಗಳೋ. ಮೊದಲ ತಿಂಗಳು ವಾರಕ್ಕೆ ಮೂರು ದಿನ ಸಾಕು. ಬಿಸಿಲಿನಲ್ಲಿ ಮಾಡುವವರು ಮೈ ಸೆಕೆಗೆ ಒಗ್ಗಲು ಬೇಕಾದ 10-14 ದಿನ ಬೇರೇನೂ ಏರಿಸಬೇಡಿ.

ನಾಲ್ಕನೇ ವಾರದ ಸುಮಾರಿಗೆ ಇನ್ನೊಂದು ಗುಂಡಿ ಕಾದಿರುತ್ತದೆ. ಉಸಿರು ಕುದುರುತ್ತದೆ, ಸ್ನಾಯು ಹಳೆಯ ಬಲ ಬೇಗ ಗಳಿಸುತ್ತದೆ, ಆದರೆ ಸ್ನಾಯುವನ್ನು ಮೂಳೆಗೆ ಕಟ್ಟಿದ ಸ್ನಾಯುರಜ್ಜುಗಳಿಗೆ ರಕ್ತದ ಹರಿವು ಕಡಿಮೆ, ಗಟ್ಟಿಯಾಗಲು ತಿಂಗಳುಗಳೇ ಬೇಕು. 'ಈಗ ಸಲೀಸಾಗಿದೆ' ಎಂದು ಓಟ ಹೆಚ್ಚಿಸಿದಾಗಲೇ ಹಿಮ್ಮಡಿಯ ಮೇಲ್ಭಾಗ, ಮಂಡಿಚಿಪ್ಪಿನ ಕೆಳಗೆ, ಭುಜದಲ್ಲಿ ನೋವು ಶುರುವಾಗುವುದು. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹತ್ತು ಹೆಜ್ಜೆಗೆ ಹಿಮ್ಮಡಿಯ ಹಿಂಭಾಗ ಸೆಟೆದುಕೊಂಡರೆ ಅದೇ ಸೂಚನೆ. ಒಂದು ವಾರ ಓಟ ಬಿಟ್ಟು ನಡೆಯಿರಿ, ಮರಳುವಾಗ ಎರಡು ವಾರ ಹಿಂದಿನ ಅಳತೆಗೆ ಹೋಗಿ. ಬಿಟ್ಟ ದಿನಗಳನ್ನು ಭಾನುವಾರ ಒಟ್ಟಿಗೆ ಓಡಿ ತೀರಿಸಲು ಹೋಗಬೇಡಿ.