ಹಳೆಯ ಕಡತಗಳಿಗೆ ಕೈ ಹಾಕುವ ಮುಂಚೆ

ಸಂಘದ ಹಳೆಯ ಕಡತವೋ ಯಾರದೋ ಪತ್ರಗಳ ಕಟ್ಟೋ ಕಾಪಿಡಲು ಸಿಕ್ಕರೆ, ಮೊದಲು ಅದನ್ನು ಇದ್ದ ಹಾಗೇ ಫೋಟೋ ತೆಗೆದುಕೊಳ್ಳಿ. ವಿಷಯವಾರು ಬೇರೆ ಮಾಡೋಣ ಅಂತ ಕೈ ತುರಿಸುತ್ತದೆ, ಅಲ್ವಾ? ತಡೆದುಕೊಳ್ಳಿ. ಯಾವ ಕಾಗದದ ಹಿಂದೆ ಯಾವುದಿತ್ತು ಅನ್ನುವುದೂ ಮಾಹಿತಿಯೇ. ಸಭೆಯ ನಡಾವಳಿ ಜೊತೆ ಒಂದು ರಸೀದಿ ಇದ್ದರೆ ಆ ಖರ್ಚು ಯಾಕಾಯಿತು ಅಂತ ಗೊತ್ತಾಗುತ್ತದೆ. ಬೇರೆ ಮಾಡಿದರೆ ಅದು ಬರೀ ಚೀಟಿ. ಒಂದು ಸಂಸ್ಥೆಯ ಅಥವಾ ಒಬ್ಬರ ದಾಖಲೆಗಳನ್ನು ಒಟ್ಟಿಗೇ ಇಡಬೇಕು ಅನ್ನುವ ನಿಯಮವನ್ನು ಫ್ರಾನ್ಸ್ 1841ರಲ್ಲೇ ಜಾರಿಗೆ ತಂದಿತ್ತು. ಹಳೆಯ ದಾಖಲೆಗಳನ್ನು ಕಾಪಿಡುವ ಪತ್ರಾಗಾರಗಳು ಇವತ್ತಿಗೂ ಅದನ್ನೇ ಪಾಲಿಸುತ್ತವೆ.

ರಬ್ಬರ್ ಬ್ಯಾಂಡ್, ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ನು ತೆಗೆಯಿರಿ. ಪಿನ್ನನ್ನು ಎಳೆಯಬೇಡಿ, ಕಾಗದ ಹರಿಯುತ್ತದೆ. ಅದರ ಕಾಲುಗಳನ್ನು ನಿಧಾನಕ್ಕೆ ಬಿಡಿಸಿ. ಹರಿದ ಕಡೆ ಸೆಲ್ಲೋ ಟೇಪ್ ಹಚ್ಚಬೇಡಿ. ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಮಾಡಿದ ಮೇಲೆ ಬಿಡಿಸುವುದು ಬಹಳ ಕಷ್ಟ.

ಫೋಟೋ ಹಿಂದೆ ಹೆಸರು ಬರೆಯಬೇಕಿದ್ದರೆ ಮೆತ್ತನೆ ಪೆನ್ಸಿಲ್‌ನಲ್ಲಿ ಅಂಚಿಗೆ ಬರೆಯಿರಿ. ಮಿಷನ್‌ನಿಂದ ಬರುವ ನುಣುಪು ರಸೀದಿಗಳ ಅಕ್ಷರ ತಾನಾಗೇ ಮಾಸುತ್ತದೆ, ಅವನ್ನು ಮೊದಲು ಸ್ಕ್ಯಾನ್ ಮಾಡಿ. ಸ್ಕ್ಯಾನ್ ಆಯಿತು ಅಂತ ಮೂಲ ಪ್ರತಿ ಎಸೆಯುವವರೂ ಇದ್ದಾರೆ, ದಯವಿಟ್ಟು ಬೇಡ.

ಪತ್ರಾಗಾರಕ್ಕೆ ಕೊಡುವುದಾದರೆ ಒಪ್ಪಂದ ಬರಹದಲ್ಲಿರಲಿ. ಕಾಪಿರೈಟ್ ಯಾರದ್ದು, ಖಾಸಗಿ ಪತ್ರಗಳನ್ನು ಎಷ್ಟು ವರ್ಷ ಮುಚ್ಚಿಡಬೇಕು ಅನ್ನುವುದನ್ನು ಆಗಲೇ ಬರೆಸಿಕೊಳ್ಳಿ.