ಆಗುಂಬೆಗೆ ಹೋಗುವುದು: ಘಟ್ಟದ ಮೇಲಿಂದಲೋ, ಕೆಳಗಿಂದಲೋ?

ಆಗುಂಬೆ ಎಂದ ಕೂಡಲೇ ಎಲ್ಲರೂ ಕೇಳುವುದು ಘಾಟಿ ರಸ್ತೆಯ ಆ 14 ತಿರುವುಗಳ ಬಗ್ಗೆ. ಬೆಂಗಳೂರು, ಶಿವಮೊಗ್ಗ, ಶೃಂಗೇರಿ ಕಡೆಯಿಂದ ಬರುವವರಿಗೆ ಆ ಚಿಂತೆಯೇ ಬೇಡ. ಊರು ಇರುವುದು ಘಟ್ಟದ ಮೇಲಂಚಿನಲ್ಲಿ. ತಿರುವುಗಳು ಶುರುವಾಗುವುದು ಊರು ದಾಟಿ ಕರಾವಳಿಯತ್ತ ಇಳಿಯುವಾಗ. ಘಾಟಿ ಹತ್ತಬೇಕಾದವರು ಉಡುಪಿ, ಹೆಬ್ರಿ ಕಡೆಯಿಂದ ಬರುವವರು ಮಾತ್ರ.

ಬೆಂಗಳೂರಿನಿಂದ ಬಸ್ಸಿನಲ್ಲಾದರೆ ರಾತ್ರಿ ಹೊರಟು ಬೆಳಗ್ಗೆ ತೀರ್ಥಹಳ್ಳಿಯಲ್ಲಿ ಇಳಿಯುವುದು ಸುಲಭ. ಅಲ್ಲಿಂದ ಆಗುಂಬೆ ಸುಮಾರು 30 ಕಿ.ಮೀ. ಉಡುಪಿ ಕಡೆಗೆ ಹೋಗುವ ಮಿನಿ ಬಸ್ ಹತ್ತಿ, 'ಆಗುಂಬೆ ಮೇಲೆ ಹೋಗುತ್ತಾ?' ಎಂದು ಕಂಡಕ್ಟರನ್ನು ಕೇಳಿಯೇ ಕೂರಿ. ಶೃಂಗೇರಿಗೆ ಬಂದರೂ ಹೆಚ್ಚುಕಮ್ಮಿ ಅಷ್ಟೇ ದೂರ. ರೈಲಿನಲ್ಲಿ ಬರುವವರು ಶಿವಮೊಗ್ಗದಲ್ಲಿ ಇಳಿದು ತೀರ್ಥಹಳ್ಳಿ ದಾರಿಯಲ್ಲಿ ಸುಮಾರು 90 ಕಿ.ಮೀ. ಬಸ್ಸಿನಲ್ಲಿ ಸಾಗಬೇಕು. ಹಲವರು ಎಡವುವುದು ಟಿಕೆಟ್ ಬುಕ್ ಮಾಡುವಾಗ: ಬೆಂಗಳೂರು–ಉಡುಪಿ ಎಂದು ಕಂಡ ಬಸ್ಸಿಗೆ ಟಿಕೆಟ್ ತೆಗೆದು, ಆಗುಂಬೆಯಲ್ಲಿ ಇಳಿಯಬಹುದು ಅಂದುಕೊಳ್ಳುತ್ತಾರೆ. ದೊಡ್ಡ ಬಸ್ಸುಗಳು ಈ ಘಾಟಿ ಇಳಿಯುವುದಿಲ್ಲ. ಉದ್ದದ ಗಾಡಿ ಆ ತಿರುವುಗಳಲ್ಲಿ ಒಂದೇ ಸಲಕ್ಕೆ ತಿರುಗದು. ಹಿಂದೆ ಮುಂದೆ ಮಾಡುವಷ್ಟರಲ್ಲಿ ಎರಡೂ ಕಡೆ ಗಾಡಿಗಳ ಸಾಲು ನಿಲ್ಲುತ್ತದೆ. ಇಲ್ಲಿ ಮಿನಿ ಬಸ್ಸುಗಳೇ ಓಡುವುದು ಅದಕ್ಕೇ.

ಕರಾವಳಿ ಕಡೆಯಿಂದ ಉಡುಪಿ–ಆಗುಂಬೆ ಸುಮಾರು 55 ಕಿ.ಮೀ. ಉಡುಪಿ ರೈಲು ನಿಲ್ದಾಣ ಇರುವುದು ಇಂದ್ರಾಳಿಯಲ್ಲಿ, ಬಸ್ ನಿಲ್ದಾಣಕ್ಕೆ ಅಲ್ಲಿಂದ ಮೂರು ಕಿ.ಮೀ. ಆಟೋ ಪ್ರಯಾಣ. ವಾಂತಿ ಬರುವವರು ಬಸ್ಸಿನ ಮುಂದಿನ ಸೀಟು ಹಿಡಿಯಿರಿ. ಹೆಬ್ರಿಯಲ್ಲಿ ಹೊಟ್ಟೆ ತುಂಬ ತಿಂದು ಹತ್ತಬೇಡಿ.

ಇನ್ನು ಕಾರು. ಪೆಟ್ರೋಲು, ಗಾಳಿ, ವೈಪರ್ ಎಲ್ಲ ಹೆಬ್ರಿಯಲ್ಲೋ ತೀರ್ಥಹಳ್ಳಿಯಲ್ಲೋ ಮುಗಿಸಿಕೊಳ್ಳಿ. ಮೊಬೈಲ್ ಸಿಗ್ನಲ್ ನಂಬಬೇಡಿ, ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಹೆಬ್ರಿ ಕಡೆಯಿಂದ ಬಂದರೆ ಘಾಟಿಯ ಬುಡದ ಸೋಮೇಶ್ವರ ದಾಟಿದ ಮೇಲೆ ಏರು ಶುರು. ತಿರುವಿಗೆ ಬರುವ ಮೊದಲೇ ಎರಡನೇ ಗೇರಿಗೆ ಇಳಿಸಿ, ಗಾಡಿ ತುಂಬಿದ್ದರೆ ಒಂದಕ್ಕೆ. ತಿರುವಿನ ನಡುವೆ ಗೇರ್ ಬದಲಿಸಲು ಹೋದರೆ ಗಾಡಿ ಎಳೆಯುವುದು ಬಿಟ್ಟು ಹಿಂದಕ್ಕೆ ಜಾರಬಹುದು. ಎದುರಿನ ಗಾಡಿ ಹತ್ತುತ್ತಿದ್ದರೆ ಇಳಿಯುವವರು ನಿಂತು ದಾರಿ ಬಿಡಬೇಕು, ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಎತ್ತುವುದೇ ಕಷ್ಟ. ಹಿಂದೆ ಬಂದ ಮಿನಿ ಬಸ್ ಹಾರ್ನ್ ಹೊಡೆದರೆ ಹಟ ಮಾಡದೆ ಜಾಗ ಕೊಡಿ. ಆ ಚಾಲಕರಿಗೆ ಈ ದಾರಿ ದಿನದ ಪಾಠ.

ಇಳಿಯುವಾಗಲೇ ಹೆಚ್ಚು ಎಚ್ಚರ ಬೇಕು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ನ್ಯೂಟ್ರಲ್ ಮಾಡಿ ಬ್ರೇಕಿನ ಮೇಲೇ ಕಾಲಿಟ್ಟು ಬಂದರೆ ಅರ್ಧ ದಾರಿಯಲ್ಲೇ ಸುಟ್ಟ ವಾಸನೆ ಬರುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಹಾಗಾದರೆ ರಸ್ತೆ ಅಗಲ ಇರುವಲ್ಲಿ ಬದಿಗೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಬಿಸಿ ಚಕ್ರಕ್ಕೆ ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟಗಾಗಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆಕ್ಕಾಚಾರವೇ ಬೇರೆ. ಮಂಜು ಕವಿದಾಗ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಲೋ ಬೀಮ್, ಫಾಗ್ ಲ್ಯಾಂಪ್ ಸಾಕು. ಗುಡ್ಡ ಕುಸಿತದ ಭಯಕ್ಕೆ ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರೀ ವಾಹನಗಳನ್ನು ನಿಷೇಧಿಸುವುದುಂಟು, ಮಣ್ಣು ಬಿದ್ದರೆ ಕಾರನ್ನೂ ತಡೆಯುತ್ತಾರೆ. ಹೊರಡುವ ಬೆಳಗ್ಗೆ ಉಳಿಯುವ ಮನೆಯವರಿಗೆ ಒಂದು ಫೋನ್ ಮಾಡಿ. ಘಾಟಿ ಮುಚ್ಚಿದ್ದರೆ ಉಡುಪಿಯಿಂದ ಕಾರ್ಕಳ, ಮಾಳ, ಎಸ್.ಕೆ. ಬಾರ್ಡರ್ (ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಗಡಿ), ಕೆರೆಕಟ್ಟೆ, ಶೃಂಗೇರಿ ಸುತ್ತಿ ಆಗುಂಬೆಗೆ ಬರಬಹುದು. ಕುಂದಾಪುರದ ಕಡೆಯವರಿಗೆ ಸಿದ್ದಾಪುರ, ಹುಲಿಕಲ್ ಘಾಟಿ, ಮಾಸ್ತಿಕಟ್ಟೆ, ತೀರ್ಥಹಳ್ಳಿ ದಾರಿ ಇದೆ. ಎರಡೂ ದೂರವೇ, ಆ ದಾರಿಯಲ್ಲೂ ಮಳೆ ಇದ್ದೇ ಇರುತ್ತದೆ.

ಸೂರ್ಯಾಸ್ತದ ಕಟ್ಟೆಯ ಬಳಿ ತಿರುವಿನಲ್ಲೇ ಕಾರು ನಿಲ್ಲಿಸಿ ಫೋಟೋಕ್ಕೆ ಇಳಿಯುವವರಿಂದಲೇ ಸಂಜೆ ಅಲ್ಲಿ ಗಾಡಿ ಕಟ್ಟಿಕೊಳ್ಳುವುದು. ಕಿಟಕಿ ಏರಿಸಿ, ತಿಂಡಿ ಒಳಗಿಡಿ, ಮಂಗಗಳಿವೆ. ಬಸ್ಸಿನಲ್ಲಿ ಬಂದವರು ಸೂರ್ಯ ಮುಳುಗುವವರೆಗೂ ಅಲ್ಲೇ ನಿಲ್ಲುವುದಾದರೆ ವಾಪಸ್ ಬಸ್ಸಿನ ಸಮಯವನ್ನು ಮಧ್ಯಾಹ್ನವೇ ವಿಚಾರಿಸಿಟ್ಟಿರಿ. ಕತ್ತಲಾದ ಮೇಲೆ ಬಸ್ಸು ವಿರಳ.