ಸೀಟು ಸಿಕ್ಕಿತು, ವಾರ್ಡಿಗೆ ಬಿಡಲಿಲ್ಲ

ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಸೇರಿದ್ದು 2018ರಲ್ಲಿ. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದ ಹತ್ತಿರ. ಹತ್ತರವರೆಗೆ ಕನ್ನಡ ಮಾಧ್ಯಮ, ಆಮೇಲೆ ಪ್ಲಸ್ ಟು (ಕರ್ನಾಟಕದ ಪಿಯುಸಿ ಇದ್ದ ಹಾಗೆ) ಸಯನ್ಸ್. ಈಗ ಸ್ಟಾಫ್ ನರ್ಸ್ ಆಗಿದ್ದೇನೆ. ಪ್ಲಸ್ ಟು ರಿಸಲ್ಟ್ ಬಂದ ದಿನದಿಂದ ಊರಿನ ಮಕ್ಕಳ ಫೋನ್ ಶುರು. "ಅಕ್ಕಾ, ಎಷ್ಟು ಮಾರ್ಕು ಬೇಕು?" ಎಲ್ಲರದ್ದೂ ಇದೇ ಪ್ರಶ್ನೆ. "ಯಾವ ಲಸಿಕೆ ಬೇಕು?" ಅಂತ ಇವತ್ತಿನವರೆಗೆ ಯಾರೂ ಕೇಳಿಲ್ಲ. ನನಗೆ ತೊಂದರೆ ಆದದ್ದು ಮಾರ್ಕಿನಿಂದ ಅಲ್ಲ, ಲಸಿಕೆ ಆಗಿರದ ಕಾರಣದಿಂದ.

ಮಾರ್ಕಿನ ವಿಷಯ ಬೇಗ ಹೇಳಿಬಿಡುತ್ತೇನೆ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಕಲಿತು ಪಾಸಾಗಿರಬೇಕು. ಭಾರತೀಯ ನರ್ಸಿಂಗ್ ಕೌನ್ಸಿಲಿನ ಲೆಕ್ಕದಲ್ಲಿ ಕನಿಷ್ಠ ಶೇ. 45, ಪರಿಶಿಷ್ಟ ಜಾತಿ ಪಂಗಡದವರಿಗೆ ಶೇ. 40. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಕೇರಳದ ಸರ್ಕಾರಿ ಸೀಟು ಎಲ್‌ಬಿಎಸ್ ಎಂಬ ಸರ್ಕಾರಿ ಸಂಸ್ಥೆಯ ಅಲಾಟ್‌ಮೆಂಟಿನಲ್ಲಿ, ಪ್ಲಸ್ ಟು ಮಾರ್ಕಿನ ಮೇಲೆ ಸಿಗುತ್ತದೆ. ಕರ್ನಾಟಕದಲ್ಲಿ ನನ್ನ ಕಾಲಕ್ಕೆ ಇದಕ್ಕೆ ಸಿಇಟಿ ಇರಲಿಲ್ಲ, 2023ರಿಂದ ಬಂದಿದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನವರು ಗಡಿನಾಡು ಕನ್ನಡಿಗರೆಂದು ಅರ್ಜಿ ಹಾಕಬಹುದು. ಅದಕ್ಕೆ ಬೇರೆಯೇ ಒಂದು ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ನಮ್ಮ ಎಷ್ಟೋ ಮಕ್ಕಳಿಗೆ ಈ ದಾರಿ ಇದೆ ಅಂತಲೇ ಗೊತ್ತಿಲ್ಲ. ನನಗೆ ಬಹಳ ಬೇಸರ ಆಗುವುದು ಅದಕ್ಕೆ.

ಕಾಗದಪತ್ರದಲ್ಲಿ ನಾನು ಓಡಾಡಿದ್ದು ಹೆಸರಿಗೋಸ್ಕರ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ನನ್ನ ಇನಿಶಿಯಲ್ ಹೆಸರಿನ ಕೊನೆಗಿತ್ತು. ಆಧಾರಿನಲ್ಲಿ ಅಪ್ಪನ ಹೆಸರು ಪೂರ್ತಿ ಇತ್ತು. ಎರಡನ್ನೂ ಒಂದೇ ರೀತಿ ಮಾಡಿಸಲು ಅಕ್ಷಯ ಕೇಂದ್ರಕ್ಕೆ (ಕೇರಳದಲ್ಲಿ ಸರ್ಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಜಾಗ) ನಾಲ್ಕು ಸಲ ಹೋದೆ. ಕೇರಳ ಬೋರ್ಡಿನಲ್ಲಿ ಕಲಿತು ಕರ್ನಾಟಕಕ್ಕೆ ಹೋಗುವವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಎಲಿಜಿಬಿಲಿಟಿ ಸರ್ಟಿಫಿಕೇಟೂ ಬೇಕು. ಪ್ಲಸ್ ಟು ಮುಗಿಯುವ ಮೊದಲೇ ಹೆಸರು ಸರಿ ಮಾಡಿಸಿಕೊಳ್ಳಿ.

ಇನ್ನು ಲಸಿಕೆ. ವಾರ್ಡಿಗೆ ಹೋಗುವವರಿಗೆ ಹೆಪಟೈಟಿಸ್ ಬಿ (ರಕ್ತದಿಂದ ಹರಡುವ ಲಿವರ್ ಕಾಯಿಲೆ) ಲಸಿಕೆ ಮೂರು ಡೋಸ್. ಮೊದಲನೆಯದು ಕೊಟ್ಟ ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಅದಾಗಿ ಒಂದೆರಡು ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿ ಟೈಟರ್, ಅಂದರೆ ಲಸಿಕೆಯಿಂದ ರಕ್ತದಲ್ಲಿ ರೋಗನಿರೋಧಕ ಅಂಶ ಎಷ್ಟು ಬಂದಿದೆ ಅಂತ ನೋಡುತ್ತಾರೆ. ಅದು 10 ಅಥವಾ ಜಾಸ್ತಿ ಇರಬೇಕು. ನಾವು ಹುಟ್ಟುವಾಗ ಈ ಲಸಿಕೆ ಸರ್ಕಾರಿ ಪಟ್ಟಿಯಲ್ಲೇ ಇರಲಿಲ್ಲ. "ಚಿಕ್ಕಂದಿನಲ್ಲಿ ಎಲ್ಲಾ ಚುಚ್ಚಿಸಿದ್ದೇವೆ" ಅಂತ ಅಮ್ಮ ಹೇಳಿದರು. ನಾನೂ ನಂಬಿದೆ. ಕಾಲೇಜಿನಲ್ಲಿ ಕಾರ್ಡ್ ಕೇಳಿದಾಗ ತೋರಿಸಲು ಏನೂ ಇಲ್ಲ. ಎರಡು ಡೋಸ್ ಆಗದೆ ವಾರ್ಡ್ ಇಲ್ಲ ಅಂತ ನಮ್ಮ ಕಾಲೇಜಿನ ನಿಯಮ. ಕ್ಲಾಸಿನವರೆಲ್ಲ ಬಿಳಿ ಯೂನಿಫಾರ್ಮ್ ಹಾಕಿ ಮೊದಲ ಪೋಸ್ಟಿಂಗಿಗೆ ಹೊರಟರು. ನಾನು ಲ್ಯಾಬಿನಲ್ಲಿ ಡಮ್ಮಿಗೆ ಹಾಸಿಗೆ ಸರಿ ಮಾಡುತ್ತಾ ಉಳಿದೆ. ಮೂರು ವಾರ ಹೋಯಿತು.

ಮೂರೇ ವಾರ ಅಲ್ವಾ ಅಂದುಕೊಂಡಿದ್ದೆ. ಪರೀಕ್ಷೆಗೆ ಕೂರಲು ಶೇ. 80 ಹಾಜರಾತಿ ಸಾಕು. ಆದರೆ ಡಿಗ್ರಿ ಕೈಗೆ ಬರಬೇಕಾದರೆ ಕ್ಲಿನಿಕಲ್, ಅಂದರೆ ವಾರ್ಡಿನ ಹಾಜರಾತಿ ನೂರಕ್ಕೆ ನೂರು ಇರಬೇಕು. ಒಂದು ದಿನ ತಪ್ಪಿದರೂ ತುಂಬಿಸಲೇಬೇಕು. ಓಣಂಗೆ ಮನೆಯಲ್ಲಿ ಎಲ್ಲರೂ ಸೇರಿದ್ದರು. ನಾನು ಬೆಳಿಗ್ಗೆ ಆರರ ಬಸ್ಸಿನಲ್ಲಿ ತಲಪಾಡಿ ದಾಟಿ ವಾರ್ಡಿಗೆ ಹೋದೆ. ಕ್ರಿಸ್‌ಮಸ್ ರಜೆಯೂ ಹಾಗೇ ಹೋಯಿತು. ಚಿಕ್ಕಮ್ಮನ ಮಗಳ ಮದುವೆಯಲ್ಲಿ ಮದರಂಗಿ ಹಾಕಿಸಿಕೊಳ್ಳಲಿಲ್ಲ, ಮರುದಿನ ಪೋಸ್ಟಿಂಗ್ ಇತ್ತು. ಉಗುರು, ಬಳೆ, ಮದರಂಗಿ ಎಲ್ಲಾ ನೋಡುತ್ತಾರೆ. ಸೆಕೆಂಡಿನ ಮುಳ್ಳಿರುವ ಗಡಿಯಾರ ಮಾತ್ರ ಬೇಕೇ ಬೇಕು. ಇಲ್ಲದಿದ್ದರೆ ನಾಡಿ ಎಣಿಸುವುದು ಹೇಗೆ?

ಲಸಿಕೆಗೆ ಯಾಕೆ ಇಷ್ಟು ಹಟ ಅಂತ ಮೂರನೇ ವರ್ಷದಲ್ಲಿ ಅರ್ಥವಾಯಿತು. ಗೆಳತಿಯೊಬ್ಬಳು ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋದಳು. ಹಾಕಬಾರದು, ಹಾಗೆಯೇ ಬಿಳಿ ಡಬ್ಬಿಗೆ ಬಿಡಬೇಕು. ಬೆರಳಿಗೆ ಚುಚ್ಚಿತು. ಸೋಪು ಹಾಕಿ ನಳ್ಳಿಯ ಕೆಳಗೆ ಹಿಡಿದೆವು. ಹಿಂಡಬಾರದು ಅಂತ ಕಲಿತದ್ದು ನೆನಪಿತ್ತು. ಡಾಕ್ಟರ್ ಕೇಳಿದ ಮೊದಲ ಮಾತು: "ಟೈಟರ್ ಎಷ್ಟು?" ಅವಳ ಫೈಲಿನಲ್ಲಿ ರಿಪೋರ್ಟ್ ಇತ್ತು. ಹೆಪಟೈಟಿಸ್ ಬಿ ಚಿಂತೆ ಅಲ್ಲಿಗೇ ಮುಗಿಯಿತು. ಎಚ್‌ಐವಿ ಬಾರದಂತೆ ಕೊಡುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ರೋಗಿಯ ರಿಪೋರ್ಟ್ ನೆಗೆಟಿವ್ ಬಂತು, ಔಷಧಿ ಬೇಕಾಗಲಿಲ್ಲ. ಆ ರಿಪೋರ್ಟ್ ಬರುವವರೆಗೆ ನಾನು ಅವಳ ಕೈ ಬಿಡಲಿಲ್ಲ.

ಇಂಗ್ಲಿಷ್ ಬರುವುದಿಲ್ಲ ಅಂತ ಹೆದರುವ ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ಮಾತು. ಮಂಗಳೂರಿನ ವಾರ್ಡಿನಲ್ಲಿ ನಮ್ಮ ಕಡೆಯ ರೋಗಿಗಳು ತುಂಬಾ. ಒಬ್ಬರು ಅಜ್ಜಿ ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಿರಲಿಲ್ಲ. ನಾನು ಮಲಯಾಳದಲ್ಲಿ "ಎವಿಡೆಯಾಣ್ ವೇದನ?" (ಎಲ್ಲಿ ನೋವು?) ಅಂತ ಕೇಳಿದ್ದೇ ತಡ, ಎದೆ ಮುಟ್ಟಿ ತೋರಿಸಿದರು. ಪಕ್ಕದ ಹಾಸಿಗೆಯವರಿಗೆ ಅದನ್ನೇ ತುಳುವಿನಲ್ಲಿ ಕೇಳಬೇಕು, "ಓಲು ಬೇನೆ?" ಅಂತ. ಇದೆಲ್ಲ ನಮಗೆ ಬೀದಿಯಲ್ಲಿ ಆಡುತ್ತಾ ಬಂದದ್ದು. ಇಂಗ್ಲಿಷ್ ಪುಸ್ತಕ ಒಂದು ವರ್ಷದಲ್ಲಿ ಹಿಡಿತಕ್ಕೆ ಬರುತ್ತದೆ, ನನಗೆ ಬಂತು.

ಈ ಸಲ ನಮ್ಮ ನೆರೆಮನೆಯ ಹುಡುಗಿಗೆ ಪ್ಲಸ್ ಟು ಪರೀಕ್ಷೆ ಮುಗಿದ ವಾರವೇ ಮೊದಲ ಡೋಸ್ ಕೊಡಿಸಿದೆ. ಮಾರ್ಚ್, ಏಪ್ರಿಲ್, ಆಮೇಲೆ ಸೆಪ್ಟೆಂಬರ್. ಕಾರ್ಡಿನ ಫೋಟೋ ಅವಳ ಫೋನಿನಲ್ಲೂ ಇದೆ, ನನ್ನ ಫೋನಿನಲ್ಲೂ ಇದೆ. ಎರಡನೇ ಡೋಸ್ ಮೊನ್ನೆ ಆಯಿತು. ಆಧಾರಿನ ಹೆಸರು ಇನ್ನೂ ಸರಿಯಾಗಿಲ್ಲ, ಸೋಮವಾರ ಅವಳ ಜೊತೆ ಅಕ್ಷಯ ಕೇಂದ್ರಕ್ಕೆ ಹೋಗುತ್ತಿದ್ದೇನೆ.